ಜೆನರೇಟಿವ್ ಎಂಜಿನ್ ಆಪ್ಟಿಮೈಸೇಶನ್ (ಜಿಇಒ): ಚರಿತ್ರೆ

ಎಐ ಬರೆದುಕೊಡುವ ಉತ್ತರಗಳಲ್ಲಿ ಒಂದು ಜಾಲತಾಣದ ಮಾಹಿತಿ ಬಳಕೆಯಾಗುವಂತೆ, ಅದರ ಹೆಸರು ಆಕರವಾಗಿ ಕಾಣಿಸುವಂತೆ ಬರಹವನ್ನು ಸಜ್ಜುಗೊಳಿಸುವ ವಿಧಾನ. ಇದರ ಬೇರು ಸರ್ಚ್ ಎಂಜಿನ್ ಆಪ್ಟಿಮೈಸೇಶನ್ ಅಥವಾ ಎಸ್‌ಇಒದಲ್ಲಿದೆ. ಗೂಗಲ್ ಕೊಡುವ ಪಟ್ಟಿಯಲ್ಲಿ ಮೇಲೆ ಬಂದರೆ ಸಾಕು, ಓದುಗರು ಕೊಂಡಿ ಒತ್ತಿ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಎರಡು ದಶಕ ಆ ಉದ್ಯಮ ನಡೆಯಿತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ, 2023ರ ಫೆಬ್ರವರಿಯಲ್ಲಿ ಬಿಂಗ್ ಚಾಟ್, 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಗೂಗಲ್‌ನ ಎಐ ಓವರ್‌ವ್ಯೂ ಬಂದವು. ಪಟ್ಟಿಯ ಜಾಗದಲ್ಲಿ ಸಿದ್ಧ ಉತ್ತರ ಕೂತಿತು.

ಜಿಇಒ ಎಂಬ ಹೆಸರು ನೆಲೆಯೂರಿದ್ದು 2023ರ ನವೆಂಬರ್‌ನಲ್ಲಿ ಹೊರಬಂದ ಒಂದು ಸಂಶೋಧನಾ ಪ್ರಬಂಧದಿಂದ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ದೆಹಲಿ ಐಐಟಿ ಮೊದಲಾದೆಡೆಯ ಸಂಶೋಧಕರು 10,000 ಪ್ರಶ್ನೆಗಳನ್ನು ಕಲೆಹಾಕಿ, ಜಾಲತಾಣಗಳ ಪಠ್ಯವನ್ನು ಒಂಬತ್ತು ಬಗೆಯಲ್ಲಿ ತಿದ್ದಿ ನೋಡಿದರು. ಉತ್ತರದಲ್ಲಿ ಆ ಪಠ್ಯದ ಪಾಲು ಎಷ್ಟು, ಅದು ಎಷ್ಟು ಮೊದಲೇ ಬರುತ್ತದೆ ಎಂಬುದನ್ನು ಅಳೆದರು. ಎಸ್‌ಇಒದ ಹಳೆಯ ಚಾಳಿಯಾದ ಕೀವರ್ಡ್ ತುರುಕುವುದರಿಂದ ಪ್ರಯೋಜನವಾಗಲಿಲ್ಲ. ಆಕರ ಹೆಸರಿಸುವುದು, ತಿಳಿದವರ ಮಾತು ಉದ್ಧರಿಸುವುದು, ಅಂಕಿಅಂಶ ಕೊಡುವುದು ಫಲ ಕೊಟ್ಟವು, ಗೋಚರತೆ ಶೇ. 40ರವರೆಗೆ ಏರಿತು. ಇನ್ನೂ ಮುಖ್ಯವಾದ ಫಲಿತಾಂಶವೆಂದರೆ, ಆಕರ ಸೇರಿಸಿದಾಗ ಹುಡುಕಾಟದ ಪಟ್ಟಿಯಲ್ಲಿ ಐದನೇ ಸ್ಥಾನದ ತಾಣಗಳ ಗೋಚರತೆ ಎರಡು ಪಟ್ಟಿಗೂ ಹೆಚ್ಚಾಯಿತು, ಮೊದಲ ಸ್ಥಾನದವುಗಳದು ಸುಮಾರು ಶೇ. 30 ಇಳಿಯಿತು. ಹಣ ಸುರಿಯಲಾರದ ಸಣ್ಣ ತಾಣಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಆದರೆ ಇದು ಪ್ರಯೋಗದ ಫಲಿತಾಂಶ. ಎಲ್ಲರೂ ಅದೇ ದಾರಿ ಹಿಡಿದರೆ ಆ ಲಾಭ ಹಾಗೆಯೇ ಉಳಿಯುತ್ತದೆ ಎನ್ನುವಂತಿಲ್ಲ.

ವಂಚನೆಯ ದಾರಿ ಈ ಪ್ರಬಂಧಕ್ಕೂ ಮೊದಲೇ ಕಂಡಿತ್ತು. 2023ರಲ್ಲಿ ಜಾರ್ಜಿಯಾ ಟೆಕ್‌ನ ಪ್ರಾಧ್ಯಾಪಕ ಮಾರ್ಕ್ ರೀಡ್ಲ್ ತಮ್ಮ ಪುಟದ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲೇ, ತಮ್ಮನ್ನು ಕಾಲಯಾನ ತಜ್ಞನೆಂದು ಹೇಳುವಂತೆ ಬಿಂಗ್‌ಗೆ ಸೂಚನೆ ಬರೆದಿಟ್ಟರು. ಓದುಗರ ಕಣ್ಣಿಗೆ ಬೀಳದ ಆ ಸಾಲನ್ನು ಬಿಂಗ್ ಓದಿತು, ಹಾಗೆಯೇ ಹೇಳಿತು. ಮರುವರ್ಷ ಹಾರ್ವರ್ಡ್‌ನ ಇಬ್ಬರು ಸಂಶೋಧಕರು ಕಾಲ್ಪನಿಕ ಕಾಫಿ ಯಂತ್ರವೊಂದರ ವಿವರದಲ್ಲಿ ಅರ್ಥವಿಲ್ಲದ ಅಕ್ಷರಮಾಲೆ ಸೇರಿಸಿ, ಎಐ ಶಿಫಾರಸಿನಲ್ಲಿ ಅದನ್ನು ಮೇಲಕ್ಕೆ ತಂದು ತೋರಿಸಿದರು. ಕೊಳ್ಳುವವರು ಉತ್ತರವನ್ನೇ ನಂಬಿ ಹಣ ಕೊಡುವುದರಿಂದ ಈ ಎರಡು ಪ್ರಯೋಗಗಳನ್ನು ಹಗುರವಾಗಿ ನೋಡಲಾಗದು.

2024ರ ಸೆಪ್ಟೆಂಬರ್‌ನಲ್ಲಿ ಎಐ ಸಂಶೋಧಕ ಜೆರೆಮಿ ಹೊವರ್ಡ್ ಅವರು ಎಐಗೆಂದೇ ತಾಣದ ಸಾರಾಂಶ ಇಡುವ 'ಎಲ್‌ಎಲ್‌ಎಂಎಸ್.ಟಿಎಕ್ಸ್‌ಟಿ' ಕಡತವನ್ನು ಸೂಚಿಸಿದರು. ಗೂಗಲ್ ಮಾತ್ರ ತನ್ನ ಎಐ ಓವರ್‌ವ್ಯೂನಲ್ಲಿ ಕಾಣಿಸಿಕೊಳ್ಳಲು ಇಂಥ ವಿಶೇಷ ಕಡತ ಬೇಕಿಲ್ಲ, ಎಸ್‌ಇಒದ ಮೂಲ ನಿಯಮಗಳೇ ಸಾಕು ಎನ್ನುತ್ತದೆ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಉತ್ತರವೂ ಆಕರಗಳೂ ಬದಲಾಗಬಹುದಾದ್ದರಿಂದ, ಜಿಇಒ ಸೇವೆ ಮಾರುವವರು ಕೊಡುವ ಅಂಕಗಳನ್ನು ತಾಳೆ ನೋಡುವುದು ಕಷ್ಟ.