ಹಾಟ್ ಸ್ಟೋವ್ ಲೀಗ್

ಅಮೆರಿಕದಲ್ಲಿ ಬೇಸ್‌ಬಾಲ್ ಋತು ಮುಗಿದು ಮತ್ತೆ ಆಟ ಶುರುವಾಗುವವರೆಗಿನ ಚಳಿಗಾಲದಲ್ಲಿ, ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಟ್ಟುಕೊಡಬೇಕು ಎಂದು ಅಭಿಮಾನಿಗಳು ನಡೆಸುವ ವಾದಕ್ಕೆ ಈ ಹೆಸರು. ಹಿಂದೆ ಸಣ್ಣ ಊರುಗಳ ಅಂಗಡಿಗಳಲ್ಲಿ ಕಬ್ಬಿಣದ ಒಲೆಯ ಸುತ್ತ ಕುಳಿತು ಜನ ಹೀಗೆ ಮಾತಾಡುತ್ತಿದ್ದರು. ಆ ಒಲೆಯೇ ಪದದ ಮೂಲ. ಈಗ ಆಟಗಾರರ ವಿನಿಮಯ, ಒಪ್ಪಂದಗಳ ಸುದ್ದಿಗೂ ಇದೇ ಮಾತು ಸಲ್ಲುತ್ತದೆ. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಅದು ‘ಸ್ಟೋವ್ ಲೀಗ್’ ಎಂದು ಚಿಕ್ಕದಾಗಿದೆ. ಆ ಹೆಸರಿನ ಕೊರಿಯನ್ ಧಾರಾವಾಹಿಯೂ 2019ರಲ್ಲಿ ಬಂತು.

ಈ ಹರಟೆಯನ್ನು ಹಗುರವಾಗಿ ಎಣಿಸಬಾರದು. ಬಾಸ್ಟನ್ ರೆಡ್ ಸಾಕ್ಸ್ ತಂಡ ಆಟಗಾರ ಬೇಬ್ ರೂತ್ ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ್ದು ಇಂಥದೇ ಚಳಿಗಾಲದಲ್ಲಿ, 1919ರ ಡಿಸೆಂಬರ್‌ನಲ್ಲಿ. ಹಿಂದಿನ ವರ್ಷವಷ್ಟೇ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿದ್ದ ಬಾಸ್ಟನ್, ಮತ್ತೆ ಅದನ್ನು ಗೆದ್ದದ್ದು 2004ರಲ್ಲಿ! ಆ ಒಂದು ಮಾರಾಟದ ನೋವನ್ನು ಅಲ್ಲಿನ ಅಭಿಮಾನಿಗಳು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು.

ಇಂಥ ವಾದಗಳಲ್ಲಿ ಆಟಗಾರನ ಇಚ್ಛೆ ಬಹುಕಾಲ ಲೆಕ್ಕಕ್ಕೇ ಬರಲಿಲ್ಲ. ತನ್ನನ್ನು ಸೇಂಟ್ ಲೂಯಿಸ್ ತಂಡದಿಂದ ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟದ್ದನ್ನು ಒಪ್ಪದೆ ಆಟಗಾರ ಕರ್ಟ್ ಫ್ಲಡ್ ಕೋರ್ಟಿಗೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಒಪ್ಪಂದ ಮುಗಿದ ಆಟಗಾರ ತಾನೇ ತಂಡ ಆರಿಸಿಕೊಳ್ಳುವ ದಾರಿ ತೆರೆದದ್ದು 1975ರ ಮಧ್ಯಸ್ಥಿಕೆ ತೀರ್ಪಿನಿಂದ.