ಟರ್ಬೊ ಸಿಯ ನೀಲಿ ಪರದೆಯಾಚೆ

1973ರಲ್ಲಿ ಯುನಿಕ್ಸ್ ಕರ್ನೆಲ್ಲನ್ನು ಅಸೆಂಬ್ಲಿಯಿಂದ ಸಿ ಭಾಷೆಗೆ ತಂದಾಗ ಡೆನಿಸ್ ರಿಚಿ, ಕೆನ್ ಥಾಂಪ್ಸನ್ ಕೈಯಲ್ಲಿದ್ದದ್ದು ಪಿಡಿಪಿ-11 ಎಂಬ ಪುಟ್ಟ ಯಂತ್ರ. ಮೆಮೊರಿ ಕಡಿಮೆ, ಬರೆಯುವವರು ಬೆರಳೆಣಿಕೆಯಷ್ಟು, ಎಲ್ಲರೂ ನುರಿತವರು. ಹಾಗಾಗಿ ಕಂಪೈಲರ್ ಪ್ರೋಗ್ರಾಮರನ್ನು ಕಣ್ಣುಮುಚ್ಚಿ ನಂಬಿತು. ಅರೇಯ ಗಡಿ ದಾಟಿದರೂ ಕೇಳುವವರಿರಲಿಲ್ಲ. ಆಮೇಲಿನ ಸಿ ಚರಿತ್ರೆಯ ಬಹುಪಾಲು ಈ ನಂಬಿಕೆಗೆ ಒಂದೊಂದಾಗಿ ಕಡಿವಾಣ ಹಾಕಿದ ಕಥೆ.

1978ರಲ್ಲಿ ಕರ್ನಿಘನ್ ಮತ್ತು ರಿಚಿಯವರ ಪುಸ್ತಕ, 1989ರಲ್ಲಿ ಆನ್ಸಿ ಮಾನಕ. ಫಂಕ್ಷನ್ನಿಗೆ ಕೊಟ್ಟ ಆರ್ಗ್ಯುಮೆಂಟುಗಳನ್ನು ಪ್ರೊಟೊಟೈಪ್ ನೋಡಿ ಕಂಪೈಲರ್ ಪರೀಕ್ಷಿಸತೊಡಗಿದ್ದು ಈ ಮಾನಕದಿಂದ. ಆದರೆ ಅದು 'ಗೆಟ್ಸ್' ಎಂಬ ಫಂಕ್ಷನ್ನನ್ನು ಹಾಗೇ ಉಳಿಸಿಕೊಂಡಿತು. ಬಫರಿನಲ್ಲಿ ಎಷ್ಟು ಜಾಗವಿದೆಯೆಂದು ವಿಚಾರಿಸದೆ ಬಂದಷ್ಟನ್ನೂ ತುಂಬುವ ಫಂಕ್ಷನ್ ಅದು. 1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ ಇಂಟರ್ನೆಟ್ಟಿನಲ್ಲಿ ಹರಡಲು ಬಳಸಿದ ದಾರಿಗಳಲ್ಲಿ ಇದೂ ಒಂದು. ಅಷ್ಟಾದರೂ ಮಾನಕದಿಂದ ಅದು ಹೊರಬಿದ್ದದ್ದು 2011ರಲ್ಲಿ! ಹಳೆಯ ಕೋಡ್ ಮುರಿಯಬಾರದೆಂಬ ಸಮಿತಿಯ ಹಟಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬರೆಯುವ ರೀತಿಯನ್ನೇ ಬದಲಿಸಿದ್ದು ಸಿ99. ವೇರಿಯಬಲ್ಲನ್ನು ಬೇಕಾದಲ್ಲೇ ಘೋಷಿಸಬಹುದು, ಸ್ಟ್ರಕ್ಚರಿನ ಸದಸ್ಯರಿಗೆ ಹೆಸರು ಹಿಡಿದು ಬೆಲೆ ಕೊಡಬಹುದು, 32 ಬಿಟ್ ಬೇಕೆಂದರೆ ಹಾಗೆಂದೇ ಬರೆಯಬಹುದು. ಆದರೂ ಲಿನಕ್ಸ್ ಕರ್ನೆಲ್ 2022ರವರೆಗೆ 1989ರ ಮಾನಕದಲ್ಲೇ ಇತ್ತು. ಪಟ್ಟಿಯನ್ನು ಸುತ್ತುವ ವೇರಿಯಬಲ್ ಲೂಪ್ ಮುಗಿದ ಮೇಲೂ ಬದುಕಿದ್ದು ತೊಂದರೆ ಕೊಡುತ್ತಿದೆ ಎಂಬ ಚರ್ಚೆ ಎದ್ದಾಗ, ಲಿನಸ್ ಟೊರ್ವಾಲ್ಡ್ಸ್ ಸಿ11ಕ್ಕೆ ಬರಲು ಒಪ್ಪಿದರು.

ನನ್ನ ಮಟ್ಟಿಗೆ, ಮಾನಕಗಳಿಗಿಂತ ದೊಡ್ಡ ಬದಲಾವಣೆ ತಂದದ್ದು ಪರೀಕ್ಷಾ ಸಾಧನಗಳು. ಎಪ್ಪತ್ತರ ದಶಕದ 'ಲಿಂಟ್' ಕೋಡನ್ನು ಓದಿ ಅನುಮಾನ ಹೇಳುತ್ತಿತ್ತು. ವ್ಯಾಲ್‌ಗ್ರೈಂಡ್ ಓಡುತ್ತಿರುವ ಪ್ರೋಗ್ರಾಮನ್ನೇ ಕಾದು ನೋಡಿತು. ಆದರೆ ಬಲು ನಿಧಾನ. ಗೂಗಲ್ ಎಂಜಿನಿಯರುಗಳು 2012ರಲ್ಲಿ ವಿವರಿಸಿದ ಅಡ್ರೆಸ್ ಸ್ಯಾನಿಟೈಸರ್ ಅದೇ ಬಗೆಯ ಹಲವು ದೋಷಗಳನ್ನು ಮಾಮೂಲಿ ಓಟದ ಸುಮಾರು ಎರಡು ಪಟ್ಟು ಸಮಯದಲ್ಲೇ ಹಿಡಿಯುತ್ತದೆ. ಕ್ಲ್ಯಾಂಗ್‌ನಲ್ಲೂ ಜಿಸಿಸಿಯಲ್ಲೂ ಒಂದು ಆಯ್ಕೆ ಸೇರಿಸಿದರೆ ಸಾಕು. ಎದುರಿನವರು ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬಿದ ಓಪನ್‌ಎಸ್‌ಎಸ್‌ಎಲ್‌ನ 'ಹಾರ್ಟ್‌ಬ್ಲೀಡ್' ದೋಷ 2014ರಲ್ಲಿ ಬಯಲಾದ ಮೇಲೆ, ಅಡ್ಡಾದಿಡ್ಡಿ ಇನ್‌ಪುಟ್ ಸುರಿದು ಪರೀಕ್ಷಿಸುವ ಫಝಿಂಗ್ ಕೂಡ ನಿತ್ಯದ ಅಭ್ಯಾಸವಾಗುತ್ತ ಬಂತು.

ನಮ್ಮ ಕಾಲೇಜು ಲ್ಯಾಬುಗಳಿಗೆ ಈ ಗಾಳಿ ತಡವಾಗಿ ತಾಗಿತು. ಬೋರ್ಲೆಂಡಿನ ಟರ್ಬೊ ಸಿ ಡಾಸ್ ಕಾಲದ್ದು. ವಿಂಡೋಸ್ ಬದಲಾದಾಗ ಅದನ್ನು ಡಾಸ್‌ಬಾಕ್ಸಿನೊಳಗೆ ಕೂರಿಸಿ ಬದುಕಿಸಿಕೊಂಡೆವು. 'ವಾಯ್ಡ್ ಮೇನ್' ಬರೆದು, 'ಕ್ಲಿಯರ್ ಸ್ಕ್ರೀನ್' ಕರೆದು, ಕೊನೆಗೆ 'ಗೆಟ್‌ಸಿಎಚ್' ಹಾಕಿ ಪರದೆ ನಿಲ್ಲಿಸಿದರೆ ಸಿ ಬಂತೆಂದೇ ಲೆಕ್ಕ.

ಅಲ್ಲಿ ಇಂಟಿಜರ್ ಎಂದರೆ 16 ಬಿಟ್. 32767ಕ್ಕೆ ಒಂದು ಕೂಡಿಸಿದರೆ -32768 ಸಿಗುತ್ತಿತ್ತು. ಅದನ್ನೇ ನಿಯಮವೆಂದು ಟಿಪ್ಪಣಿ ಬರೆದುಕೊಂಡವರು ಅನೇಕರು. ಮಾನಕ ಹಾಗೆ ಹೇಳಿಯೇ ಇಲ್ಲ. ಇಂದಿನ ಕಂಪೈಲರುಗಳು ಮೊತ್ತ ಮಿತಿ ಮೀರುವುದೇ ಇಲ್ಲವೆಂದು ಭಾವಿಸಿ, ಮೀರಿತೇ ಎಂದು ಕೇಳುವ ನಮ್ಮ 'ಇಫ್' ಅನ್ನೇ ಅಳಿಸಿಬಿಡಬಹುದು. 2024ರಲ್ಲಿ ಪ್ರಕಟವಾದ ಸಿ23 ಋಣ ಸಂಖ್ಯೆಗಳಿಗೆ ಟೂಸ್ ಕಾಂಪ್ಲಿಮೆಂಟ್ ರೂಪವನ್ನು ಕಡ್ಡಾಯ ಮಾಡಿತು, ಮಿತಿ ಮೀರಿದರೆ ತಿಳಿಸುವ ಕೂಡಿಕೆಯ ಸೌಲಭ್ಯವನ್ನೂ ಕೊಟ್ಟಿತು. ಮಾಮೂಲಿ ಪ್ಲಸ್ ಚಿಹ್ನೆಯಿಂದ ಕೂಡಿಸಿದರೆ ಮಾತ್ರ ಮಿತಿ ಮೀರಿದ ಮೊತ್ತದ ಗತಿ ಏನೆಂದು ಅದೂ ಹೇಳುವುದಿಲ್ಲ.