ಚಿಪ್ ಕೀಲಿಕೈ

ಚಿಪ್ ಕೀಲಿಕೈ ಎಂಬುದು ಹಿಡಿಕೆಯೊಳಗೆ ಸಣ್ಣ ವಿದ್ಯುನ್ಮಾನ ಚಿಪ್ ಅಳವಡಿಸಿರುವ ವಾಹನದ ಕೀಲಿಕೈ. ಇದನ್ನು ಟ್ರಾನ್ಸ್‌ಪಾಂಡರ್ ಕೀ ಎಂದೂ ಕರೆಯುತ್ತಾರೆ. ವಾಹನದಲ್ಲಿರುವ ಇಮ್ಮೊಬಿಲೈಸರ್ ಎಂಬ ಕಳ್ಳತನ ನಿರೋಧಕ ವ್ಯವಸ್ಥೆಯು ಈ ಚಿಪ್ಪನ್ನು ಗುರುತಿಸಿದ ಮೇಲೆಯೇ ಎಂಜಿನ್ ಚಾಲೂ ಆಗಲು ಅವಕಾಶ ನೀಡುತ್ತದೆ. ಆದ್ದರಿಂದ ಲೋಹದ ಅಲಗನ್ನಷ್ಟೇ ನಕಲು ಮಾಡಿದ ಕೀಲಿಕೈಯಿಂದ ಬಾಗಿಲು ತೆರೆಯಬಹುದು, ಎಂಜಿನ್ ಚಾಲೂ ಮಾಡಲಾಗದು. ಕೀಲಿಕೈ ಕಳೆದುಹೋದಾಗ ಹೊಸ ಅಲಗನ್ನು ಕತ್ತರಿಸುವುದು ಮತ್ತು ಹೊಸ ಚಿಪ್ಪನ್ನು ವಾಹನಕ್ಕೆ ಪರಿಚಯಿಸುವುದು ಎಂಬ ಎರಡು ಬೇರೆ ಬೇರೆ ಕೆಲಸಗಳು ಆಗಬೇಕಾಗುತ್ತದೆ. ಹಳೆಯ ವಾಹನಗಳಲ್ಲಿ ಎರಡನೆಯ ಕೆಲಸವೇ ಹೆಚ್ಚು ತೊಡಕಿನದು.

ಇತಿಹಾಸ

ವಿದ್ಯುತ್ ಸಂಪರ್ಕವನ್ನು ತಡೆದು ವಾಹನ ಕದಿಯದಂತೆ ಮಾಡುವ ಉಪಾಯ ಹೊಸದಲ್ಲ. ಅಮೆರಿಕದ ಸೇಂಟ್ ಜಾರ್ಜ್ ಇವಾನ್ಸ್ ಮತ್ತು ಎಡ್ವರ್ಡ್ ಬಿರ್ಕೆನ್‌ಬ್ಯೂಯೆಲ್ ಅವರಿಗೆ ಇಂತಹ ಸಾಧನವೊಂದಕ್ಕೆ 1919ರಲ್ಲಿ ಪೇಟೆಂಟ್ ದೊರೆಯಿತು. ಕೀಲಿಕೈಯೊಳಗೇ ಗುರುತನ್ನು ಅಡಗಿಸಿಡುವ ಪದ್ಧತಿಯನ್ನು ಜನರಲ್ ಮೋಟಾರ್ಸ್ ಸಂಸ್ಥೆಯು 1986ರ ಮಾದರಿಯ ಷೆವರ್ಲೆ ಕಾರ್ವೆಟ್ ಕಾರಿನಲ್ಲಿ ಬಳಸಿತು. ಅದರ ಕೀಲಿಕೈಯ ಅಲಗಿನಲ್ಲಿ ಒಂದು ರೋಧಕವಿತ್ತು. ಅದಕ್ಕೆ ಇರಬಹುದಾದ ಮೌಲ್ಯಗಳು 15 ಮಾತ್ರವಾಗಿದ್ದುದರಿಂದ ಒಂದೊಂದಾಗಿ ಪರೀಕ್ಷಿಸಿ ಸರಿಯಾದುದನ್ನು ಕಂಡುಹಿಡಿಯಲು ಸಾಧ್ಯವಿತ್ತು.

1990ರ ದಶಕದಲ್ಲಿ ರೇಡಿಯೊ ತರಂಗಗಳ ಮೂಲಕ ಸಂವಹಿಸುವ ಚಿಪ್‌ಗಳು ಬಳಕೆಗೆ ಬಂದವು. ಹೊಸ ಕಾರುಗಳಲ್ಲಿ ಇಮ್ಮೊಬಿಲೈಸರ್ ಇರಲೇಬೇಕೆಂಬ ನಿಯಮವು ಜರ್ಮನಿಯಲ್ಲಿ 1998ರ ಜನವರಿ 1ರಿಂದ, ಬ್ರಿಟನ್ನಿನಲ್ಲಿ 1998ರ ಅಕ್ಟೋಬರ್ 1ರಿಂದ ಹಾಗೂ ಆಸ್ಟ್ರೇಲಿಯಾದಲ್ಲಿ 2001ರಿಂದ ಜಾರಿಗೆ ಬಂದಿತು. ಭಾರತದಲ್ಲಿ ಮೊದಲು ಕೆಲವು ಕಾರುಗಳಲ್ಲಿ ಕಾಣಿಸಿಕೊಂಡ ಈ ವ್ಯವಸ್ಥೆಯು 2000ದ ದಶಕದಲ್ಲಿ ಸಣ್ಣ ಕಾರುಗಳಿಗೂ ಹರಡಿತು. ಮಾರುತಿ ಸುಜುಕಿ ಸಂಸ್ಥೆಯು ತನ್ನ ವ್ಯವಸ್ಥೆಯನ್ನು ಐ-ಕ್ಯಾಟ್ಸ್ ಎಂದು ಕರೆಯುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಚಿಪ್ ಕೆಲವು ಕೀಲಿಕೈಗಳಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಜಿನ ಕೊಳವೆಯ ರೂಪದಲ್ಲಿಯೂ ಕೆಲವುಗಳಲ್ಲಿ ಕಪ್ಪು ಬಣ್ಣದ ಸಣ್ಣ ತುಂಡಿನ ರೂಪದಲ್ಲಿಯೂ ಇರುತ್ತದೆ. ಇದಕ್ಕೆ ಬ್ಯಾಟರಿಯ ಅಗತ್ಯವಿಲ್ಲ. ಇಗ್ನಿಷನ್ ಬೀಗದ ಸುತ್ತಲೂ ಇರುವ ತಂತಿಯ ಸುರುಳಿಯು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆವೃತ್ತಿಯ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ಚಿಪ್ ತನ್ನ ಉತ್ತರವನ್ನು ಕಳುಹಿಸುತ್ತದೆ. ಕೆಲವೇ ಸೆಂಟಿಮೀಟರ್ ದೂರದವರೆಗೆ ಮಾತ್ರ ಈ ಸಂವಹನ ನಡೆಯುತ್ತದೆ.

ಮೊದಲ ಪೀಳಿಗೆಯ ಚಿಪ್‌ಗಳು ಪ್ರತಿ ಬಾರಿಯೂ ಒಂದೇ ಸ್ಥಿರ ಸಂಖ್ಯೆಯನ್ನು ಹೇಳುತ್ತವೆ. ನಂತರದ ಚಿಪ್‌ಗಳಲ್ಲಿ ವಾಹನವು ಪ್ರತಿ ಬಾರಿ ಹೊಸ ಪ್ರಶ್ನೆಯೊಂದನ್ನು ಕಳುಹಿಸುತ್ತದೆ. ಚಿಪ್ ತನ್ನೊಳಗಿನ ರಹಸ್ಯ ಸಂಕೇತವನ್ನು ಬಳಸಿ ಅದಕ್ಕೆ ಉತ್ತರವನ್ನು ಲೆಕ್ಕಹಾಕುತ್ತದೆ. ಉತ್ತರ ಸರಿಯಾಗಿದ್ದರೆ ಇಮ್ಮೊಬಿಲೈಸರ್ ಘಟಕವು ಎಂಜಿನ್ ನಿಯಂತ್ರಣ ಘಟಕಕ್ಕೆ ಒಪ್ಪಿಗೆ ನೀಡುತ್ತದೆ. ತಪ್ಪಾಗಿದ್ದರೆ ಇಂಧನ ಪೂರೈಕೆ ಅಥವಾ ಕಿಡಿ ನಿಂತುಹೋಗುತ್ತದೆ. ಕೆಲವು ವಾಹನಗಳಲ್ಲಿ ಎಂಜಿನ್ ಒಂದೆರಡು ಸೆಕೆಂಡು ಓಡಿ ನಿಲ್ಲುತ್ತದೆ, ಇನ್ನು ಕೆಲವುಗಳಲ್ಲಿ ಸ್ಟಾರ್ಟರ್ ತಿರುಗುವುದೇ ಇಲ್ಲ. ಬಹಳಷ್ಟು ವಾಹನಗಳ ಡ್ಯಾಶ್‌ಬೋರ್ಡಿನಲ್ಲಿ ಕೀಲಿಕೈ ಅಥವಾ ಬೀಗದ ಚಿತ್ರವಿರುವ ದೀಪವು ಮಿನುಗಿ ಇದನ್ನು ಸೂಚಿಸುತ್ತದೆ.

ಬಾಗಿಲನ್ನು ದೂರದಿಂದ ತೆರೆಯುವ ರಿಮೋಟ್ ಮತ್ತು ಈ ಚಿಪ್ ಬೇರೆ ಬೇರೆ. ರಿಮೋಟಿನ ಬ್ಯಾಟರಿ ಮುಗಿದರೂ ಸಾಮಾನ್ಯವಾಗಿ ಎಂಜಿನ್ ಚಾಲೂ ಆಗುತ್ತದೆ.

ಕೀಲಿಕೈ ಕಳೆದುಹೋದಾಗ

ಒಂದು ಕೀಲಿಕೈ ಉಳಿದಿದ್ದರೆ

ಕೆಲಸ ಮಾಡುವ ಒಂದು ಕೀಲಿಕೈ ಉಳಿದಿದ್ದರೆ ಎರಡು ಮಾರ್ಗಗಳಿವೆ. ಮೊದಲನೆಯದು ಹೊಸ ಚಿಪ್ಪನ್ನು ವಾಹನದ ಸ್ಮೃತಿಗೆ ಸೇರಿಸುವುದು. ಎರಡನೆಯದು ಉಳಿದಿರುವ ಚಿಪ್ಪಿನ ಗುರುತನ್ನು ಖಾಲಿ ಚಿಪ್ಪಿಗೆ ನಕಲಿಸುವುದು. ನಕಲಿಸುವ ಕೆಲಸಕ್ಕೆ ವಾಹನವನ್ನು ಮುಟ್ಟಬೇಕಾಗಿಲ್ಲವಾದ್ದರಿಂದ ಇದು ಅಗ್ಗವೂ ಶೀಘ್ರವೂ ಆದುದು. ಆದರೆ ಇದರಿಂದ ಕಳೆದುಹೋದ ಕೀಲಿಕೈ ಅಮಾನ್ಯವಾಗುವುದಿಲ್ಲ. ಅದು ಸಿಕ್ಕಿದವರು ಎಂಜಿನ್ ಚಾಲೂ ಮಾಡಬಲ್ಲರು. ಮೂಲ ಮತ್ತು ನಕಲನ್ನು ವಾಹನವು ಒಂದೇ ಎಂದು ಭಾವಿಸುವುದರಿಂದ ಮುಂದೆ ಅವೆರಡರಲ್ಲಿ ಒಂದನ್ನು ಮಾತ್ರ ಅಳಿಸಲೂ ಆಗದು.

ಕಳೆದುಹೋದ ಕೀಲಿಕೈ ಬೇರೆಯವರ ಕೈಗೆ ಸಿಕ್ಕಿರಬಹುದೆಂಬ ಸಂಶಯವಿದ್ದಾಗ ಸ್ಮೃತಿಯಲ್ಲಿರುವ ಎಲ್ಲ ಕೀಲಿಕೈಗಳನ್ನು ಅಳಿಸಿ, ಕೈಯಲ್ಲಿರುವವುಗಳನ್ನು ಮಾತ್ರ ಮತ್ತೆ ಪರಿಚಯಿಸುವುದು ಸುರಕ್ಷಿತ ವಿಧಾನ. ಇದಕ್ಕಾಗಿ ಮನೆಯಲ್ಲಿ ಉಳಿದಿರುವ ಪ್ರತಿಯೊಂದು ಕೀಲಿಕೈಯನ್ನೂ ಒಯ್ಯಬೇಕು, ಬಿಟ್ಟುಹೋದುದು ಮುಂದೆ ಕೆಲಸ ಮಾಡುವುದಿಲ್ಲ. ಚಿಪ್ ಅಳಿಸಿದ ಮೇಲೂ ಕಳೆದ ಕೀಲಿಕೈಯ ಅಲಗು ಬಾಗಿಲನ್ನು ತೆರೆಯುತ್ತದೆ. ಅದನ್ನು ತಡೆಯಲು ಬೀಗಗಳನ್ನೇ ಬದಲಿಸಬೇಕಾಗುತ್ತದೆ.

ಎಲ್ಲ ಕೀಲಿಕೈಗಳೂ ಕಳೆದಿದ್ದರೆ

ಈ ಸ್ಥಿತಿಯಲ್ಲಿ ಕೆಲಸವು ಸಾಮಾನ್ಯವಾಗಿ ಕೆಳಗಿನ ಕ್ರಮದಲ್ಲಿ ಸಾಗುತ್ತದೆ.

1. ಅಲಗಿನ ತಯಾರಿ: ವಾಹನ ಕೊಂಡಾಗ ಕೀಲಿಕೈಯೊಂದಿಗೆ ಬಂದ ಸಣ್ಣ ಬಿಲ್ಲೆಯ ಮೇಲಿನ ಸಂಖ್ಯೆಯಿಂದ ಅಲಗನ್ನು ಕತ್ತರಿಸಬಹುದು. ಬಿಲ್ಲೆ ಇಲ್ಲದಿದ್ದರೆ ಬಾಗಿಲಿನ ಬೀಗವನ್ನು ಬಿಚ್ಚಿ ಅದರೊಳಗಿನ ತಗಡುಗಳ ಎತ್ತರವನ್ನು ಓದಬೇಕಾಗುತ್ತದೆ.

2. ಭದ್ರತಾ ಸಂಕೇತ: ಅನೇಕ ವಾಹನಗಳು ಹೊಸ ಕೀಲಿಕೈಯನ್ನು ಒಪ್ಪಿಕೊಳ್ಳುವ ಮೊದಲು ಪಿನ್ ಸಂಖ್ಯೆಯನ್ನು ಕೇಳುತ್ತವೆ. ಇದು ವಾಹನದ ಜೊತೆ ಬಂದ ಕಾರ್ಡಿನಲ್ಲಿ ಇರಬಹುದು, ಇಲ್ಲವೇ ಚಾಸಿಸ್ ಸಂಖ್ಯೆಯ ಆಧಾರದ ಮೇಲೆ ತಯಾರಕರ ಅಧಿಕೃತ ಸೇವಾ ಕೇಂದ್ರದಿಂದ ದೊರೆಯಬಹುದು.

3. ಪರಿಚಯಿಸುವಿಕೆ: ತಪಾಸಣಾ ಯಂತ್ರವನ್ನು ಸ್ಟಿಯರಿಂಗ್ ಚಕ್ರದ ಕೆಳಭಾಗದಲ್ಲಿರುವ ಕಿಂಡಿಗೆ ಜೋಡಿಸಿ ಚಿಪ್ಪನ್ನು ದಾಖಲಿಸಲಾಗುತ್ತದೆ. ಈ ಹೊತ್ತಿನಲ್ಲಿ ವಾಹನದ ಬ್ಯಾಟರಿ ದುರ್ಬಲವಾಗಿದ್ದರೆ ದಾಖಲಾತಿ ಅರ್ಧಕ್ಕೆ ನಿಂತು ಘಟಕವೇ ಕೆಡುವ ಅಪಾಯವಿದೆ.

4. ಸ್ಮೃತಿಯನ್ನು ನೇರವಾಗಿ ಓದುವುದು: ಸಂಕೇತವು ಎಲ್ಲಿಯೂ ಸಿಗದಿದ್ದರೆ ನುರಿತ ತಂತ್ರಜ್ಞರು ಇಮ್ಮೊಬಿಲೈಸರ್ ಅಥವಾ ಎಂಜಿನ್ ನಿಯಂತ್ರಣ ಘಟಕವನ್ನು ಹೊರತೆಗೆದು ಅದರ ಸ್ಮೃತಿ ಚಿಪ್ಪಿನಿಂದ ಮಾಹಿತಿಯನ್ನು ಓದುತ್ತಾರೆ. ಮೂಲ ಮಾಹಿತಿಯ ಪ್ರತಿಯೊಂದನ್ನು ಮೊದಲೇ ಉಳಿಸಿಕೊಂಡರೆ ತಪ್ಪಾದಾಗ ಹಿಂದಿನ ಸ್ಥಿತಿಗೆ ಮರಳಬಹುದು.

5. ಘಟಕಗಳ ಬದಲಾವಣೆ: ಕೊನೆಯ ಉಪಾಯವಾಗಿ ಅದೇ ಮಾದರಿಯ ಮತ್ತೊಂದು ವಾಹನದ ಎಂಜಿನ್ ನಿಯಂತ್ರಣ ಘಟಕ, ಇಮ್ಮೊಬಿಲೈಸರ್ ಮತ್ತು ಚಿಪ್ಪನ್ನು ಒಟ್ಟಾಗಿ ಅಳವಡಿಸಲಾಗುತ್ತದೆ. ಈ ಮೂರೂ ಒಂದೇ ವಾಹನದವಾಗಿರದಿದ್ದರೆ ಪರಸ್ಪರ ಗುರುತಿಸುವುದಿಲ್ಲ.

ಇಮ್ಮೊಬಿಲೈಸರನ್ನೇ ಶಾಶ್ವತವಾಗಿ ನಿಷ್ಕ್ರಿಯಗೊಳಿಸುವ ಪದ್ಧತಿಯೂ ಕೆಲವೆಡೆ ಇದೆ. ಇದು ತಕ್ಷಣದ ಖರ್ಚನ್ನು ತಗ್ಗಿಸಿದರೂ ಅಲಗಿನ ನಕಲು ಮಾತ್ರ ಇರುವ ಯಾರಾದರೂ ವಾಹನವನ್ನು ಒಯ್ಯಲು ದಾರಿಮಾಡಿಕೊಡುತ್ತದೆ.

ಹಳೆಯ ವಾಹನಗಳ ತೊಡಕುಗಳು

ಹಳೆಯ ವಾಹನಗಳು ಹಲವು ಮಾಲೀಕರ ಕೈದಾಟಿ ಬಂದಿರುವುದರಿಂದ ಸಂಕೇತದ ಕಾರ್ಡು, ಬಿಲ್ಲೆ ಮತ್ತು ಎರಡನೆಯ ಕೀಲಿಕೈ ಬಹುಪಾಲು ಇರುವುದಿಲ್ಲ. ಫಿಯಟ್ ಸಂಸ್ಥೆಯ ಆರಂಭದ ವ್ಯವಸ್ಥೆಯಲ್ಲಿ ಹೊಸ ಕೀಲಿಕೈಗಳನ್ನು ಪರಿಚಯಿಸಲು ಕೆಂಪು ಹಿಡಿಕೆಯ ಮಾಸ್ಟರ್ ಕೀಲಿಕೈ ಬೇಕಾಗುತ್ತಿತ್ತು. ಫೋರ್ಡ್ ಸಂಸ್ಥೆಯ ಅನೇಕ ಮಾದರಿಗಳಲ್ಲಿ ಎರಡು ಮಾನ್ಯ ಕೀಲಿಕೈಗಳಿದ್ದರೆ ಮಾಲೀಕರೇ ಮೂರನೆಯದನ್ನು ಸೇರಿಸಬಹುದು. ಎರಡೂ ಕಳೆದಿದ್ದರೆ ತಪಾಸಣಾ ಯಂತ್ರ ಅಗತ್ಯವಾಗುತ್ತದೆ, ಯಂತ್ರವು ಭದ್ರತೆಗಾಗಿ ಸುಮಾರು 10 ನಿಮಿಷ ಕಾಯಿಸಿದ ಮೇಲೆಯೇ ಮುಂದುವರಿಯುತ್ತದೆ.

ತಯಾರಕರು ಮಾರುಕಟ್ಟೆಯಿಂದ ಹಿಂದೆ ಸರಿದಿರುವುದು ಮತ್ತೊಂದು ಸಮಸ್ಯೆ. ಜನರಲ್ ಮೋಟಾರ್ಸ್ ಸಂಸ್ಥೆಯು ಭಾರತದಲ್ಲಿ ಷೆವರ್ಲೆ ಕಾರುಗಳ ಮಾರಾಟವನ್ನು 2017ರ ಕೊನೆಗೆ ನಿಲ್ಲಿಸಿತು. ಫೋರ್ಡ್ ಸಂಸ್ಥೆಯು ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಇಂತಹ ವಾಹನಗಳಿಗೆ ಸೇವಾ ಕೇಂದ್ರಗಳು ವಿರಳವಾದಂತೆ ಮಾಲೀಕರು ಸ್ವತಂತ್ರ ಕೀಲಿಕೈ ತಯಾರಕರನ್ನು ಅವಲಂಬಿಸಬೇಕಾಗುತ್ತದೆ.

ಕೋಲಾರ ಜಿಲ್ಲೆಯಲ್ಲಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು ಬೆಂಗಳೂರಿಗೆ ಸಮೀಪವಿದ್ದರೂ ಕೀಲಿಕೈ ಕಳೆದ ವಾಹನದ ಮಟ್ಟಿಗೆ ಆ ಸಾಮೀಪ್ಯ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಬಾಗಿಲು ಹಾಕಿ ಸ್ಟಿಯರಿಂಗ್ ಬೀಗ ಬಿದ್ದಿರುವ ವಾಹನವನ್ನು ಓಡಿಸಿಕೊಂಡು ಹೋಗಲಾಗದು. ತಂತ್ರಜ್ಞರು ಯಂತ್ರದೊಂದಿಗೆ ಸ್ಥಳಕ್ಕೆ ಬರಬೇಕು, ಇಲ್ಲವೇ ವಾಹನವನ್ನು ಟೋಯಿಂಗ್ ಮೂಲಕ ಸಾಗಿಸಬೇಕು. ಕೋಲಾರ ನಗರವು ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿದೆ. ಮುಳಬಾಗಿಲು ಅಲ್ಲಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ., ಶ್ರೀನಿವಾಸಪುರವು ಉತ್ತರಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿವೆ. ಬೆಂಗಳೂರಿನ ಜೆ.ಸಿ. ರಸ್ತೆಯು ವಾಹನಗಳ ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾಗಿದೆ.

ಜಿಲ್ಲೆಯ ಕೃಷಿ ವ್ಯಾಪಾರದಲ್ಲಿ ಸಣ್ಣ ಸರಕು ವಾಹನಗಳ ಪಾತ್ರ ದೊಡ್ಡದು. ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯು ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲಿಯೂ ಟೊಮೆಟೊ ಮಾರುಕಟ್ಟೆಯಿದೆ. ಶ್ರೀನಿವಾಸಪುರವು ಮಾವಿನ ಬೆಳೆಗೆ ಪ್ರಸಿದ್ಧ. ಹಣ್ಣಾದ ಸರಕು ಒಂದೆರಡು ದಿನವೂ ಕಾಯುವುದಿಲ್ಲವಾದ್ದರಿಂದ ಸುಗ್ಗಿಯ ಕಾಲದಲ್ಲಿ ಕೀಲಿಕೈ ಕಳೆದರೆ ಹೊಸ ಕೀಲಿಕೈಯ ಬೆಲೆಗಿಂತ ವಾಹನ ನಿಂತ ದಿನಗಳ ನಷ್ಟವೇ ಹೆಚ್ಚಾಗಬಹುದು. ಹಳೆಯ ಸರಕು ವಾಹನಗಳು ಹಲವುಗಳಲ್ಲಿ ಇಮ್ಮೊಬಿಲೈಸರ್ ಇರುವುದಿಲ್ಲ. ಅವುಗಳಿಗೆ ಊರಿನ ಬೀಗ ರಿಪೇರಿಯವರು ಮಾಡಿಕೊಡುವ ಸಾಮಾನ್ಯ ಕೀಲಿಕೈಯೇ ಸಾಕು. ಆದ್ದರಿಂದ ವಾಹನದಲ್ಲಿ ಇಮ್ಮೊಬಿಲೈಸರ್ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅನಗತ್ಯ ಖರ್ಚನ್ನು ತಪ್ಪಿಸುತ್ತದೆ.

ಈ ತಾಲ್ಲೂಕುಗಳು ಆಂಧ್ರಪ್ರದೇಶ ಅಥವಾ ತಮಿಳುನಾಡಿನ ಗಡಿಗೆ ಸಮೀಪವಿರುವುದರಿಂದ ಹೊರರಾಜ್ಯದ ನೋಂದಣಿಯಿರುವ ಹಳೆಯ ವಾಹನಗಳೂ ಇಲ್ಲಿ ಓಡಾಡುತ್ತವೆ. ಕೋಲಾರದ ಪ್ರಾದೇಶಿಕ ಸಾರಿಗೆ ಕಚೇರಿಯ ಸಂಕೇತ ಕೆಎ-07. ಮಾಲೀಕತ್ವದ ವರ್ಗಾವಣೆ ಪೂರ್ಣವಾಗದ ವಾಹನಗಳಿಗೆ ಅಧಿಕೃತ ಕೇಂದ್ರದಿಂದ ಸಂಕೇತ ಪಡೆಯುವುದು ಕಷ್ಟ, ಏಕೆಂದರೆ ನೋಂದಣಿ ಪತ್ರದಲ್ಲಿರುವ ಹೆಸರು ಕೇಳಿದವರ ಹೆಸರಿಗೆ ಹೊಂದುವುದಿಲ್ಲ.

ದಾಖಲೆಗಳು ಮತ್ತು ವಿಮೆ

ಹೊಸ ಕೀಲಿಕೈ ಮಾಡಿಸುವಾಗ ನೋಂದಣಿ ಪತ್ರ ಮತ್ತು ಮಾಲೀಕರ ಗುರುತಿನ ಚೀಟಿಯನ್ನು ಕೇಳುವುದು ರೂಢಿ. ಇವನ್ನು ಕೇಳದೆ ಕೆಲಸ ಮಾಡುವವರು ಕಳವಿಗೆ ನೆರವಾದ ಆರೋಪಕ್ಕೆ ಗುರಿಯಾಗಬಹುದು. ಕೀಲಿಕೈ ಕಳೆದುದನ್ನು ಪೊಲೀಸರಲ್ಲಿ ದಾಖಲಿಸಿ ಸ್ವೀಕೃತಿ ಪಡೆಯುವುದು ಮಾಲೀಕರಿಗೆ ರಕ್ಷಣೆ ನೀಡುತ್ತದೆ. ವಾಹನ ಕಳುವಾದಾಗ ವಿಮಾ ಸಂಸ್ಥೆಗಳು ಪರಿಹಾರ ನೀಡುವ ಮೊದಲು ಸಾಮಾನ್ಯವಾಗಿ ಎಲ್ಲ ಮೂಲ ಕೀಲಿಕೈಗಳನ್ನು ಕೇಳುತ್ತವೆ. ಒಂದು ಕೀಲಿಕೈ ಮೊದಲೇ ಕಳೆದಿದ್ದು ಅದಕ್ಕೆ ದಾಖಲೆ ಇಲ್ಲದಿದ್ದರೆ, ವಾಹನದಲ್ಲಿಯೇ ಕೀಲಿಕೈ ಬಿಟ್ಟಿರಬಹುದೆಂಬ ಸಂಶಯದಿಂದ ವಿವಾದ ಏಳಬಹುದು. ಕೀಲಿಕೈ ಬದಲಾವಣೆಯ ವೆಚ್ಚ ಭರಿಸುವ ಹೆಚ್ಚುವರಿ ರಕ್ಷಣೆಯನ್ನು ಹಲವು ವಿಮಾ ಸಂಸ್ಥೆಗಳು ನೀಡುತ್ತವೆ.

ಕೀಲಿಕೈಯದೆಂದು ತೋರುವ ಇತರ ದೋಷಗಳು

ಇಮ್ಮೊಬಿಲೈಸರ್ ದೀಪ ಮಿನುಗಿದ ಮಾತ್ರಕ್ಕೆ ಹೊಸ ಕೀಲಿಕೈ ಬೇಕೆಂದಲ್ಲ. ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಇವು:

- ಒಡೆದ ಹಿಡಿಕೆಯನ್ನು ಬದಲಿಸುವಾಗ ಹಳೆಯ ಹಿಡಿಕೆಯೊಳಗೇ ಚಿಪ್ ಉಳಿದಿರುವುದು.
- ಇಗ್ನಿಷನ್ ಬೀಗದ ಸುತ್ತಲಿನ ಸುರುಳಿ ಅಥವಾ ಅದರ ತಂತಿ ತುಂಡಾಗಿರುವುದು.
- ಒಂದೇ ಬಳೆಯಲ್ಲಿ ಎರಡು ಚಿಪ್ ಕೀಲಿಕೈಗಳಿದ್ದು ಒಂದು ಇನ್ನೊಂದಕ್ಕೆ ಅಡ್ಡಿಯಾಗುವುದು.
- ವಾಹನದ ಬ್ಯಾಟರಿ ದುರ್ಬಲವಾಗಿರುವುದು.

ಎರಡನೆಯ ಕೀಲಿಕೈಯಿಂದ ಎಂಜಿನ್ ಚಾಲೂ ಆದರೆ ದೋಷವು ಮೊದಲ ಕೀಲಿಕೈಯದೆಂದೂ ಎರಡರಿಂದಲೂ ಆಗದಿದ್ದರೆ ವಾಹನದ್ದಿರಬಹುದೆಂದೂ ಸ್ಥೂಲವಾಗಿ ತಿಳಿಯಬಹುದು.

ಭದ್ರತೆಯ ಮಿತಿಗಳು

ಚಿಪ್‌ಗಳ ಗೂಢಲಿಪಿಯು ಭೇದಿಸಲಾಗದುದಲ್ಲ. 40 ಬಿಟ್ ಸಂಕೇತದ ಡಿಎಸ್‌ಟಿ40 ಚಿಪ್ಪನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು 2005ರಲ್ಲಿ ಭೇದಿಸಿ ತೋರಿಸಿದರು. 48 ಬಿಟ್ ಸಂಕೇತದ ಹಿಟ್ಯಾಗ್2 ಚಿಪ್ಪಿನ ದೌರ್ಬಲ್ಯಗಳು 2012ರಲ್ಲಿ ಪ್ರಕಟವಾದವು. ಮೆಗಾಮೋಸ್ ಕ್ರಿಪ್ಟೊ ಕುರಿತ ಸಂಶೋಧನೆಯ ಪ್ರಕಟಣೆಗೆ ಬ್ರಿಟನ್ನಿನ ಉಚ್ಚ ನ್ಯಾಯಾಲಯವು 2013ರಲ್ಲಿ ತಡೆ ನೀಡಿತ್ತು. ಅದು 2015ರಲ್ಲಿ ಬೆಳಕಿಗೆ ಬಂದಿತು. ಹಾಗಿದ್ದರೂ ಇಮ್ಮೊಬಿಲೈಸರ್ ಇಲ್ಲದ ವಾಹನಗಳಿಗಿಂತ ಇರುವ ವಾಹನಗಳನ್ನು ಕದಿಯುವುದು ಕಷ್ಟ. ಅಮೆರಿಕದಲ್ಲಿ ಈ ವ್ಯವಸ್ಥೆಯಿಲ್ಲದೆ ಮಾರಾಟವಾದ ಹ್ಯುಂಡೈ ಮತ್ತು ಕಿಯಾ ಕಾರುಗಳ ಕಳವು 2022ರ ಸುಮಾರಿಗೆ ವ್ಯಾಪಕವಾದುದು ಇದಕ್ಕೆ ಉದಾಹರಣೆ.

ಮುನ್ನೆಚ್ಚರಿಕೆ

ಒಂದು ಕೀಲಿಕೈ ಉಳಿದಿರುವಾಗಲೇ ಎರಡನೆಯದನ್ನು ಮಾಡಿಸಿಕೊಳ್ಳುವುದು, ಎಲ್ಲವೂ ಕಳೆದ ಮೇಲೆ ಮಾಡಿಸುವುದಕ್ಕಿಂತ ಸುಲಭವೂ ಅಗ್ಗವೂ ಆಗಿರುತ್ತದೆ. ಹಳೆಯ ವಾಹನ ಕೊಳ್ಳುವಾಗ ಎರಡೂ ಕೀಲಿಕೈಗಳು, ಬಿಲ್ಲೆ ಮತ್ತು ಸಂಕೇತದ ಕಾರ್ಡನ್ನು ಕೇಳಿ ಪಡೆಯಬೇಕು. ಬಿಲ್ಲೆ ಮತ್ತು ಕಾರ್ಡನ್ನು ವಾಹನದೊಳಗೆ ಇಡದೆ ಮನೆಯಲ್ಲಿಯೇ ಕಾಯ್ದಿರಿಸುವುದು ಸೂಕ್ತ.